ಲಾನ್‌ದೌರೋರಿನ ಸಂಚಾರಿ ಶಾಲೆಗಳೂ ಅವುಗಳ ಉಪಾಧ್ಯಾಯರೂ

ಮಕ್ಕಳಿಗೆ ಅಕ್ಷರಾಭ್ಯಾಸ ಮಾಡಿಸುವ ಉಪಾಧ್ಯಾಯನಲ್ಲಿ ಇರತಕ್ಕ ಯೋಗ್ಯತೆಗಳಾವುವು ಎಂಬ ವಿಚಾರವು ಎಲ್ಲ ದೇಶಗಳಲ್ಲಿಯೂ ಬಹುಕಾಲದಿಂದ ನಡೆದುಬಂದಿರುವುದು. ಆದರೆ ಹಗಲೆಲ್ಲ ನೇಗಿಲು ಹಿಡಿದು ದುಡಿದು, ಇರುಳಿನಲ್ಲಿ ದೀಪದ ಮುಂದೆ ಬಂದು ಕುಳಿತುಕೊಳ್ಳುವ ಬೆಳೆದ ಗಂಡಸಿಗೂ ಹೆಂಗಸಿಗೂ ಓದು ಕಲಿಸತಕ್ಕವನು ಎಂಥವನಾಗಿರಬೇಕು, ಅವನನ್ನು ಆ ಕಾರ್ಯಕ್ಕೆ ಅಣಿಮಾಡುವುದು ಹೇಗೆ, ಅವನು ಅಣಿಯಾದನೆಂಬುದನ್ನು ನಿರ್ಣಯಿಸತಕ್ಕವರು ಯಾರು ಎಂಬ ಪ್ರಶ್ನೆಗಳನ್ನು ಕೇಳಿಕೊಂಡವರೇ ವಿರಳ. ಮಗುವು ಬೆತ್ತಕ್ಕೆ ಅಂಜಿಯಾದರೂ ಕುಳಿತೀತು. ವಯಸ್ಸಾದವನಾದರೋ ಒಮ್ಮೆ ಬೇಸರಪಟ್ಟನೆಂದರೆ ಎದ್ದು ಹೋಗುವನು, ಮರುದಿನ ಬಾರನು. ಅವನನ್ನು ಕರೆತರಲು ತಂದೆತಾಯಿಗಳೂ ಇಲ್ಲ, ಕಾಯಿದೆಯೂ ಇಲ್ಲ. ಇಂಥ ಶಿಷ್ಯನನ್ನು ಹಿಡಿದು ನಿಲ್ಲಿಸಬಲ್ಲ ಉಪಾಧ್ಯಾಯರನ್ನು ನೂರಾರು ಸಂಖ್ಯೆಯಲ್ಲಿ ತಯಾರುಮಾಡುವ ಕೆಲಸವನ್ನು ಹದಿನೆಂಟನೆಯ ಶತಮಾನದಲ್ಲಿಯೇ ಕೈಗೊಂಡವರು ವೇಲ್ಸ್ ದೇಶದ ಒಂದು ಹಳ್ಳಿಯ ಪಾದ್ರಿಗಳಾದ ಗ್ರಿಫಿತ್ ಜೋನ್ಸರು.

ವೇಲ್ಸ್ ದೇಶವು ಬ್ರಿಟನ್ ದ್ವೀಪದ ಪಶ್ಚಿಮಭಾಗದಲ್ಲಿರುವ ಗುಡ್ಡಗಾಡಿನ ಸೀಮೆ. ಆಗ ಅಲ್ಲಿಯ ಜನರ ಭಾಷೆಯು ಇಂಗ್ಲಿಷಾಗಿರಲಿಲ್ಲ. ಅದು ಕೆಲ್ಟಿಕ್ ವರ್ಗಕ್ಕೆ ಸೇರಿದ ಬಹು ಪ್ರಾಚೀನವಾದ ವೆಲ್ಷ್ ಭಾಷೆಯಾಗಿದ್ದಿತು. ಬೈಬಲ್ ಗ್ರಂಥವು 1588ರಲ್ಲಿಯೇ ಆ ಭಾಷೆಗೆ ಪರಿವರ್ತಿತವಾಗಿದ್ದಿತು. ಆದರೆ ಗ್ರಂಥವಿದ್ದ ಮಾತ್ರಕ್ಕೆ ಓದುವವರು ಹುಟ್ಟುವರೇ? ಸರ್ಕಾರದ ವ್ಯವಹಾರವೂ ನ್ಯಾಯಸ್ಥಾನದ ವ್ಯವಹಾರವೂ ಇಂಗ್ಲಿಷಿನಲ್ಲಿ. ಇದ್ದ ಅಲ್ಪಸ್ವಲ್ಪ ಶಾಲೆಗಳ ಪಾಠವೂ ಬಹುಮಟ್ಟಿಗೆ ಇಂಗ್ಲಿಷಿನಲ್ಲಿ. ಮನೆಯ ಮಾತು ಮಾತ್ರ ವೆಲ್ಷ್. ಲಂಡನ್ನಿನಲ್ಲಿ 1699ರಲ್ಲಿ ಸ್ಥಾಪಿತವಾದ ಕ್ರೈಸ್ತಜ್ಞಾನ ಪ್ರಸಾರಕ ಸಂಘವು ವೇಲ್ಸಿನಲ್ಲಿಯೂ ಧರ್ಮಶಾಲೆಗಳನ್ನು ತೆರೆಯಿಸಿತ್ತು. ಅವುಗಳಲ್ಲಿ ಹೆಚ್ಚಿನವು ವೆಲ್ಷ್ ಮಾತಿನ ಮಕ್ಕಳಿಗೆ ಇಂಗ್ಲಿಷ್ ಪುಸ್ತಕವನ್ನು ಓದಿಸುತ್ತಿದ್ದವು. ಅರ್ಥವಾಗದ ಭಾಷೆಯಲ್ಲಿ ಅಕ್ಷರವನ್ನು ಗುರುತಿಸುತ್ತ ಎರಡು ಮೂರು ವರ್ಷಗಳನ್ನು ಕಳೆಯುವಷ್ಟರಲ್ಲಿ ಮಗುವಿಗೆ ಕುರಿ ಕಾಯುವ ವಯಸ್ಸು ಬರುತ್ತಿತ್ತು, ಶಾಲೆ ಬಿಡುತ್ತಿತ್ತು. ದೊಡ್ಡವರ ಪಾಡನ್ನಂತೂ ಕೇಳುವವರೇ ಇರಲಿಲ್ಲ.

ಜೋನ್ಸರು 1684ರ ಸುಮಾರಿನಲ್ಲಿ ಕಾರ್ಮಾರ್ಥನ್ ಪ್ರಾಂತದಲ್ಲಿ ಹುಟ್ಟಿದರು. ಬಾಲ್ಯದಲ್ಲಿ ಕುರಿ ಕಾಯ್ದವರು, ಉಬ್ಬಸದ ರೋಗಿಗಳು. ಬಳಿಕ ವಿದ್ಯಾಭ್ಯಾಸ ಮಾಡಿ ಪಾದ್ರಿಗಳಾದರು. ಇಲ್ಲಿ ನಮ್ಮ ದೇಶಕ್ಕೆ ಸಂಬಂಧಪಟ್ಟ ಒಂದು ಸಂಗತಿಯನ್ನು ಹೇಳದೆ ಮುಂದುವರಿಯಲಾಗದು. ಮೇಲೆ ಹೇಳಿದ ಸಂಘದವರು 1713ರ ಸುಮಾರಿನಲ್ಲಿ ಇವರನ್ನು ತಮಿಳುನಾಡಿನ ಸಮುದ್ರತೀರದಲ್ಲಿರುವ ತರಂಗಂಬಾಡಿಗೆ ಧರ್ಮಪ್ರಚಾರಕರಾಗಿ ಕಳುಹಿಸಬೇಕೆಂದು ಯೋಚಿಸಿದ್ದರು. ಜೋನ್ಸರ ಮನಸ್ಸೂ ಅತ್ತ ಒಲಿದಿದ್ದಿತು. ಆದರೆ ತಮ್ಮ ದೇಶದ ಜನರ ಅಜ್ಞಾನವೇ ಇಷ್ಟಿರುವಾಗ ಕಡಲು ದಾಟಿ ಹೋಗುವುದು ಯುಕ್ತವಲ್ಲವೆಂದು ಬಗೆದು ಅವರು ಅಲ್ಲಿಯೇ ನಿಂತರು. ಪಿಕ್ಟನ್ನಿನ ಧನಿಕರಾದ ಸರ್ ಜಾನ್ ಫಿಲಿಪ್ಸರು 1716ರಲ್ಲಿ ಅವರನ್ನು ಲಾನ್‌ದೌರೋರ್ ಎಂಬ ಸಣ್ಣ ಗ್ರಾಮದ ಪಾದ್ರಿಗಳನ್ನಾಗಿ ನೇಮಿಸಿದರು. ಉಳಿದ ನಲವತ್ತೈದು ವರ್ಷ ಅವರ ವೃತ್ತಿಯು ಆ ಗ್ರಾಮಕ್ಕೇ ಸೇರಿದ್ದಿತು.

ಶಾಲೆಯ ಆಲೋಚನೆಯು ಅವರಿಗೆ ಹೊಳೆದುದು ಪುಸ್ತಕದಿಂದಲ್ಲ, ರೊಟ್ಟಿಯಿಂದ. ದೇವಾಲಯದ ಕಾಣಿಕೆಯ ಹಣದಿಂದ ರೊಟ್ಟಿ ಕೊಂಡು ತಿಂಗಳಿಗೊಮ್ಮೆ ಬಡವರಿಗೆ ಹಂಚುವ ಪದ್ಧತಿಯನ್ನು ಅವರು ಇಟ್ಟುಕೊಂಡಿದ್ದರು. ಸಾಲಾಗಿ ನಿಂತವರನ್ನು ಮತಧರ್ಮದ ವಿಷಯವಾಗಿ ಒಂದೆರಡು ಸುಲಭವಾದ ಪ್ರಶ್ನೆಗಳನ್ನು ಕೇಳುವರು. ಉತ್ತರ ಬಾರದವರನ್ನು ನಾಚಿಸದೆ ಹೇಳಿಕೊಡುವರು. ಹೀಗೆ ಪರೀಕ್ಷಿಸುತ್ತ ಬಂದಾಗ ಅವರಿಗೆ ಒಂದು ವಿಷಯವು ಸ್ಪಷ್ಟವಾಯಿತು. ಭಾನುವಾರದ ಉಪದೇಶವನ್ನು ಎಷ್ಟು ಚೆನ್ನಾಗಿ ಮಾಡಿದರೂ ಓದುಬಾರದವನಲ್ಲಿ ಅದು ಸೋಮವಾರದವರೆಗೆ ನಿಲ್ಲದು. ಆದುದರಿಂದ ಮೊದಲು ಓದು, ಆಮೇಲೆ ಉಪದೇಶ. ಆ ಓದೂ ವೆಲ್ಷ್ ಭಾಷೆಯಲ್ಲಿಯೇ ಆಗಬೇಕು. ಲಾನ್‌ದೌರೋರಿನಲ್ಲಿ ವೆಲ್ಷ್ ಶಾಲೆಯೊಂದನ್ನು ತೆರೆಯುವ ಸಲಹೆಯನ್ನು ಅವರು ಸಂಘಕ್ಕೆ ಬರೆದುದು 1731ನೆಯ ಸೆಪ್ಟೆಂಬರಿನಲ್ಲಿ.

ಇಂಗ್ಲಿಷನ್ನೇಕೆ ಕಲಿಸಬಾರದು ಎಂದವರಿಗೆ ಅವರು ಕೊಟ್ಟ ಸಮಾಧಾನವು ಬಹು ಯುಕ್ತಿಯುಕ್ತವಾದುದು. ದೇಶವೆಲ್ಲ ಇಂಗ್ಲಿಷ್ ಕಲಿಯುವ ಕಾಲ ಬರುವಷ್ಟರಲ್ಲಿ ಎಷ್ಟೋ ತಲೆಮಾರುಗಳು ಏನನ್ನೂ ತಿಳಿಯದೆ ಸತ್ತುಹೋಗುವುವು. ಭಾಷೆಯ ಪ್ರಚಾರ ದೊಡ್ಡದೋ ಜನರ ಉದ್ಧಾರ ದೊಡ್ಡದೋ ಎಂಬುದು ಅವರ ಪ್ರಶ್ನೆ. ಇದಕ್ಕೆ ಇನ್ನೊಂದು ಲೌಕಿಕವಾದ ಕಾರಣವೂ ಸೇರಿತು. ಇಂಗ್ಲಿಷಿನಲ್ಲಿ ಬರೆಯುವುದೊಂದು, ಉಚ್ಚರಿಸುವುದೊಂದು. ವೆಲ್ಷ್ ಭಾಷೆಯಾದರೋ ನಮ್ಮ ಕನ್ನಡದಂತೆ ಬಹುಮಟ್ಟಿಗೆ ಬರೆದಂತೆ ಓದುವ ಭಾಷೆ. ಅಕ್ಷರಗಳ ಧ್ವನಿ ತಿಳಿದ ಕೂಡಲೆ ಓದುವವನಿಗೆ ತನ್ನ ಮಾತೇ ಎದುರುಗೊಳ್ಳುವುದು. ಹೀಗಾಗಿ ಬುದ್ಧಿವಂತನು ಆರೇಳು ವಾರಗಳಲ್ಲಿಯೂ ಮಂದಮತಿಯು ಮೂರು ತಿಂಗಳಲ್ಲಿಯೂ ಓದು ಕಲಿಯಬಹುದಾಗಿತ್ತು. ಈ ಮೂರು ತಿಂಗಳ ಲೆಕ್ಕದ ಮೇಲೆಯೇ ಜೋನ್ಸರ ಏರ್ಪಾಡೆಲ್ಲವೂ ನಿಂತಿದೆ. ಶಾಲೆಯು ಒಂದು ಊರಿನಲ್ಲಿ ನೆಲೆಯಾಗಿ ನಿಲ್ಲದು. ಒಕ್ಕಲುತನದ ಕೆಲಸ ಕಡಮೆಯಾಗುವ ಸೆಪ್ಟೆಂಬರಿನಿಂದ ಮೇ ತಿಂಗಳವರೆಗಿನ ಕಾಲದಲ್ಲಿ ಉಪಾಧ್ಯಾಯನು ಒಂದು ಊರಿಗೆ ಬರುವನು. ದೇವಾಲಯವೋ ಕೊಟ್ಟಿಗೆಯೋ ಯಾರಾದರೊಬ್ಬರ ಮನೆಯೋ ಅವನ ಶಾಲೆ. ಮೂರು ತಿಂಗಳಾದ ಮೇಲೆ ಮುಂದಿನ ಊರು. ಸಂಚಾರಿ ಶಾಲೆಗಳೆಂಬ ಹೆಸರು ಬಂದುದು ಇದರಿಂದಲೇ. ಕಟ್ಟಡಕ್ಕೆ ಖರ್ಚಿಲ್ಲ, ಪೀಠೋಪಕರಣಕ್ಕೆ ಖರ್ಚಿಲ್ಲ. ಬೇಕಾದುದು ಪುಸ್ತಕ ಮತ್ತು ಉಪಾಧ್ಯಾಯ.

ಪುಸ್ತಕವನ್ನು ಸಂಘದವರು ಮುದ್ರಿಸಿ ಕೊಡಬಲ್ಲವರಾಗಿದ್ದರು. ಉಪಾಧ್ಯಾಯರು ಎಲ್ಲಿಂದ ಬರಬೇಕು? ಆಕ್ಸ್‌ಫರ್ಡಿನಲ್ಲಿ ಓದಿದವನು ಕೊಟ್ಟಿಗೆಯಲ್ಲಿ ಕುಳಿತು ಹಳ್ಳಿಗರಿಗೆ ವರ್ಣಮಾಲೆಯನ್ನು ಹೇಳಿಕೊಡಲು ಬರುವನೆ? ಬಂದರೂ ವರ್ಷಕ್ಕೆ ಮೂರು ನಾಲ್ಕು ಪೌಂಡುಗಳ ವೇತನವನ್ನು ಒಪ್ಪುವನೆ? ಜೋನ್ಸರ ಉಪಾಧ್ಯಾಯರಿಗೆ ದೊರೆಯುತ್ತಿದ್ದುದು ಅಷ್ಟೇ. ಆದುದರಿಂದ ಅವರು ಆರಿಸಿಕೊಂಡವರು ಸಣ್ಣ ಹಿಡುವಳಿಯ ಒಕ್ಕಲಿಗರು, ಕಸಬಿನವರು, ದುಡಿದು ಉಣ್ಣುವ ಬಡವರು. ಕಲಿಯಲು ಬರತಕ್ಕವರು ಯಾವ ವರ್ಗದವರೋ ಕಲಿಸತಕ್ಕವರೂ ಆ ವರ್ಗದವರೇ. ಬಡತನವು ಒತ್ತಿ ಮಾಡಿಸಿದ ಈ ಆಯ್ಕೆಯೇ ಈ ಶಾಲೆಗಳ ಬಲವಾಯಿತೆಂದು ಹೇಳಬೇಕಾಗಿದೆ. ಅರವತ್ತು ವರ್ಷದ ಒಕ್ಕಲಿಗನು ಪಂಡಿತನ ಎದುರಿನಲ್ಲಿ ತಪ್ಪು ಓದಲು ನಾಚುವನು. ತನ್ನಂತೆಯೇ ಕೈ ಒರಟಾದವನ ಎದುರಿನಲ್ಲಿ ಅಷ್ಟು ನಾಚಲಾರನು.

ಹಾಗೆಂದು ಓದುಬಲ್ಲವನನ್ನೆಲ್ಲ ಹಿಡಿದು ಶಾಲೆಗೆ ಕಳುಹಿಸಿಬಿಡುತ್ತಿರಲಿಲ್ಲ. ಆರಿಸಲ್ಪಟ್ಟವರನ್ನು ಜೋನ್ಸರು ಲಾನ್‌ದೌರೋರಿಗೆ ಕರೆಸಿಕೊಂಡು ಕೆಲವು ವಾರಗಳ ಕಾಲ ತಮ್ಮ ಕಣ್ಣೆದುರಿನಲ್ಲಿಯೇ ತರಬಿಯತ್ತು ಮಾಡುತ್ತಿದ್ದರು. ಅವರು ಇರುತ್ತಿದ್ದ ಮನೆಗೆ ಜನರು ‘ಹಳೆಯ ಕಾಲೇಜು’ ಎಂದು ಹೆಸರಿಟ್ಟರು. ಕಾಲೇಜೆಂದರೆ ಗೋಪುರವೂ ಗಡಿಯಾರವೂ ಉಳ್ಳ ಕಟ್ಟಡವಲ್ಲ. ಹಳ್ಳಿಯ ಒಂದು ಸಾಧಾರಣವಾದ ಮನೆ. ಓದಿಸುವ ಕ್ರಮವನ್ನೂ, ಧರ್ಮಪ್ರಶ್ನೋತ್ತರವನ್ನು ಕೇಳಿ ವಿವರಿಸುವ ಕ್ರಮವನ್ನೂ ಉಪಾಧ್ಯಾಯನಾಗತಕ್ಕವನು ಅಲ್ಲಿ ಅಭ್ಯಾಸಮಾಡಬೇಕು. ಪ್ರಶ್ನೋತ್ತರವನ್ನು ಗಿಳಿಪಾಠ ಮಾಡಿಸುವುದು ಸುಲಭ. ಉತ್ತರವನ್ನು ಒಡೆದು ಮತ್ತೆ ಸಣ್ಣ ಸಣ್ಣ ಪ್ರಶ್ನೆಗಳಾಗಿ ಕೇಳಿ ಅರ್ಥವಾಯಿತೇ ಎಂದು ನೋಡುವುದು ಕಷ್ಟ. ಜೋನ್ಸರು ಈ ವಿದ್ಯೆಯಲ್ಲಿ ನುರಿತವರಾಗಿದ್ದರು. ರೊಟ್ಟಿಗಾಗಿ ಬಂದ ಬಡವರೊಡನೆ ವರ್ಷಗಟ್ಟಲೆ ಮಾಡಿದ ಅಭ್ಯಾಸವದು. ಗುರುವು ಮಾಡುವುದನ್ನು ಶಿಷ್ಯನು ಹತ್ತಿರ ಕುಳಿತು ನೋಡಿ ಕಲಿಯುವ ಈ ಕ್ರಮವು ನಮ್ಮ ಪಾಠಶಾಲೆಗಳನ್ನು ಕಂಡವರಿಗೆ ಹೊಸದೆನಿಸದು.

ಇದಲ್ಲದೆ ನಡತೆಯ ನಿಯಮವೂ ಇತ್ತು. ಉಪಾಧ್ಯಾಯನು ಮದ್ಯಪಾನ ಮೊದಲಾದ ದುರಭ್ಯಾಸಗಳಿಲ್ಲದವನಾಗಿ, ದೈವಭಕ್ತನಾಗಿ, ಇಂಗ್ಲೆಂಡಿನ ಸ್ಥಾಪಿತ ಮತಕ್ಕೆ ಸೇರಿದವನಾಗಿ, ರಾಜನಿಷ್ಠನಾಗಿ ಇರಬೇಕು. ಇವುಗಳಲ್ಲಿ ಕೊನೆಯ ಎರಡು ಕಲಿಸುವ ಶಕ್ತಿಗೆ ಸಂಬಂಧಪಟ್ಟವಲ್ಲವೆಂದು ಇಂದಿನವರು ಹೇಳಬಹುದು. ಅದು ನಿಜವೂ ಹೌದು. ಆದರೆ ಆ ಕಾಲದಲ್ಲಿ ಊರ ಪಾದ್ರಿಯ ಒಪ್ಪಿಗೆಯಿಲ್ಲದೆ ದೇವಾಲಯದ ಬಾಗಿಲು ತೆರೆಯುತ್ತಿರಲಿಲ್ಲ, ಲಂಡನ್ನಿನ ದಾನಿಗಳ ಚೀಲವೂ ಬಿಚ್ಚುತ್ತಿರಲಿಲ್ಲ.

ಹಗಲಿನ ಶಾಲೆಯು ಉಪಾಧ್ಯಾಯನ ಕೆಲಸದಲ್ಲಿ ಅರ್ಧವಷ್ಟೇ. ಶಾಲೆ ಬಿಟ್ಟ ಮೇಲೆ ಸಂಜೆ ಮೂರು ನಾಲ್ಕು ಗಂಟೆಗಳ ಕಾಲ, ಹಗಲು ಬರಲಾರದವರಿಗೆ ಪಾಠ. ಹೀಗೆ ಬರುವವರ ಸಂಖ್ಯೆಯು ಅನೇಕ ಕಡೆಗಳಲ್ಲಿ ಹಗಲಿನವರ ಎರಡರಷ್ಟು ಮೂರರಷ್ಟು ಇರುತ್ತಿತ್ತೆಂದೂ, ಹಲವು ಶಾಲೆಗಳಲ್ಲಿ ಕಲಿಯುವವರ ಪೈಕಿ ಮೂರರಲ್ಲಿ ಎರಡು ಪಾಲು ವಯಸ್ಸಾದವರೇ ಎಂದೂ ಜೋನ್ಸರು ವರದಿಮಾಡಿರುವರು. ಅರವತ್ತು ಎಪ್ಪತ್ತು ವರ್ಷದ ಮುದುಕರು ಕನ್ನಡಕ ಹಾಕಿಕೊಂಡು ಅಕ್ಷರ ಕೂಡಿಸುತ್ತಿದ್ದರು. ಇಂಥ ಅವಕಾಶವು ಚಿಕ್ಕಂದಿನಲ್ಲಿಯೇ ದೊರೆಯಲಿಲ್ಲವಲ್ಲಾ ಎಂದು ಮರುಗುತ್ತಿದ್ದರು. ತಂದೆಯೂ ಮಗನೂ ಒಂದೇ ಪುಸ್ತಕದಲ್ಲಿ ಓದಿದ ಮನೆಗಳಿದ್ದುವು. ಕಣ್ಣಿಲ್ಲದವರೂ ಬಂದು ಕುಳಿತು ಕಿವಿಯಿಂದಲೇ ಕಲಿಯುತ್ತಿದ್ದರು. ದಿನಕ್ಕೆ ಎರಡು ಹೊತ್ತು ಹೀಗೆ ದುಡಿದ ಉಪಾಧ್ಯಾಯನಿಗೆ ಸಿಗುತ್ತಿದ್ದುದು ಮೇಲೆ ಹೇಳಿದ ಮೂರು ನಾಲ್ಕು ಪೌಂಡು! ಅವನ ಊಟವನ್ನು ಯಾವುದಾದರೊಂದು ಮನೆಯವರು ನೋಡಿಕೊಂಡಿದ್ದರೆ ಅವನ ಪುಣ್ಯ.

ಇಷ್ಟು ದೂರ ಚದರಿಹೋದ ಉಪಾಧ್ಯಾಯರು ಸರಿಯಾಗಿ ಕೆಲಸಮಾಡುವರೆಂಬುದಕ್ಕೆ ಪ್ರಮಾಣವೇನು? ಜೋನ್ಸರು ಪ್ರಮಾಣಪತ್ರವನ್ನು ಕೆಲಸಕ್ಕೆ ಮೊದಲು ಕೊಡುತ್ತಿರಲಿಲ್ಲ, ಕೆಲಸವಾದ ಮೇಲೆ ತರಿಸಿಕೊಳ್ಳುತ್ತಿದ್ದರು. ಕಲಿತವರ ಹೆಸರು, ವಾಸಸ್ಥಳ, ವಯಸ್ಸು, ಕಸಬು, ಸ್ವಭಾವ, ಬಂದ ದಿನಗಳು, ಆದ ಪ್ರಗತಿ ಇವೆಲ್ಲವನ್ನೂ ಉಪಾಧ್ಯಾಯನು ಪಟ್ಟಿಯಲ್ಲಿ ಬರೆದಿಡಬೇಕು. ಅದರೊಡನೆ ಊರ ಪಾದ್ರಿಯ ಸಾಕ್ಷ್ಯವೂ ಬರಬೇಕು. ಆ ಸಾಕ್ಷ್ಯಪತ್ರಗಳನ್ನು ಆರಿಸಿ ‘ವೆಲ್ಷ್ ಪಯಟಿ’, ಎಂದರೆ ವೇಲ್ಸಿನವರ ಭಕ್ತಿ, ಎಂಬ ವಾರ್ಷಿಕ ವರದಿಯಲ್ಲಿ ಇಂಗ್ಲಿಷಿನಲ್ಲಿ ಅಚ್ಚುಹಾಕಿಸುತ್ತಿದ್ದರು. ಇವು ದಾನಿಗಳ ಮನಸ್ಸನ್ನು ಕರಗಿಸಲು ಪ್ರಕಟವಾದ ಪತ್ರಗಳೆಂಬುದನ್ನು ಚರಿತ್ರಕಾರನು ಮರೆಯಲಾಗದು. ಕೆಟ್ಟುಹೋದ ಶಾಲೆಗಳ ಮಾತು ಅಲ್ಲಿ ಕಡಮೆ. ಆದರೂ ಊರಿನಿಂದಲೇ ಸಾಕ್ಷ್ಯ ಬರಬೇಕೆಂಬ ನಿಯಮದ ಮುಂದೆ ಸೋಮಾರಿಯಾದ ಉಪಾಧ್ಯಾಯನು ಬಹುಕಾಲ ನಿಲ್ಲಲಾರನು.

ಆಕ್ಷೇಪಣೆಯು ಬಾರದೆ ಇರಲಿಲ್ಲ. ನೆರೆಯ ಊರಿನ ಪಾದ್ರಿಗಳಾಗಿದ್ದು ಅಲ್ಲಿ ವಾಸಮಾಡದೆ ಇದ್ದ ಜಾನ್ ಎವಾನ್ಸ್ ಎಂಬವರು 1752ರಲ್ಲಿ ಹೆಸರು ಹಾಕದೆ ಒಂದು ಪುಸ್ತಿಕೆಯನ್ನು ಹೊರಡಿಸಿದರು. ಜೋನ್ಸರ ಉಪಾಧ್ಯಾಯರು ಕೀಳು ಸ್ಥಿತಿಯವರು, ವಿದ್ಯೆಯಿಲ್ಲದವರು, ಶಾಲೆಯ ನೆವದಿಂದ ಮೆಥಡಿಸ್ಟ್ ಪಂಥವನ್ನು ಹಬ್ಬಿಸುವವರು ಎಂಬುದು ಅದರ ಸಾರ. ಉಪಾಧ್ಯಾಯರಲ್ಲಿ ಮೆಥಡಿಸ್ಟರು ಅನೇಕರಿದ್ದುದು ಸುಳ್ಳಲ್ಲ. ಅವರು ವಿದ್ವಾಂಸರಲ್ಲದುದೂ ನಿಜ. ಆದರೆ ಎವಾನ್ಸರು ಉಪಾಧ್ಯಾಯನ ವಿದ್ಯೆಯನ್ನು ಅಳೆದರೇ ಹೊರತು ಶಿಷ್ಯನ ವಿದ್ಯೆಯನ್ನು ಅಳೆಯಲಿಲ್ಲ. ಮೂರು ತಿಂಗಳ ಹಿಂದೆ ಒಂದಕ್ಷರವನ್ನೂ ಅರಿಯದ ಮುದುಕಿಯು ಈಗ ಗ್ರಂಥವನ್ನು ಓದುತ್ತಿದ್ದರೆ, ಅವಳ ಗುರುವಿಗೆ ಲ್ಯಾಟಿನ್ ಬರುತ್ತಿತ್ತೆ ಎಂಬ ಪ್ರಶ್ನೆಗೆ ಎಷ್ಟು ಬೆಲೆ? ಈ ಉಪಾಧ್ಯಾಯರ ಪೈಕಿ ಒಬ್ಬನಾದ ಮಾರ್ಗನ್ ರೀಸ್ ಎಂಬಾತನು ವೆಲ್ಷ್ ಭಾಷೆಯ ಶ್ರೇಷ್ಠ ಸ್ತೋತ್ರಕವಿಗಳ ಸಾಲಿಗೆ ಸೇರಿದನೆಂಬುದನ್ನೂ ಇಲ್ಲಿಯೇ ಹೇಳಬಹುದು.

ಹೀಗಿದ್ದರೂ ಕೆಲವು ವಾರಗಳ ಶಿಕ್ಷಣವೇ ಉಪಾಧ್ಯಾಯನಿಗೆ ಎಲ್ಲ ಕಾಲಕ್ಕೂ ಸಾಕೆಂದು ಇದರಿಂದ ಸಾಧಿಸಹೊರಡುವುದು ಸಾಹಸ. ಅದು ಸಾಕಾದುದು ಕಲಿಸಬೇಕಾದ ವಿಷಯವು ಅಷ್ಟು ಕಿರಿದಾಗಿದ್ದುದರಿಂದ. ಓದು ಮಾತ್ರ, ಬರವಣಿಗೆಯಿಲ್ಲ, ಲೆಕ್ಕವಿಲ್ಲ. ಓದುವುದಕ್ಕೂ ಪ್ರಶ್ನೋತ್ತರದ ಪುಸ್ತಕ, ಪ್ರಾರ್ಥನೆಯ ಪುಸ್ತಕ, ಬೈಬಲ್, ಇಷ್ಟೇ. ಭಾಷೆಯು ಶಿಷ್ಯನ ಬಾಯಲ್ಲಿ ಮೊದಲೇ ಇದ್ದಿತು. ಉಪಾಧ್ಯಾಯನು ಅದನ್ನು ಕಣ್ಣಿಗೆ ಕಾಣಿಸಿಕೊಟ್ಟನು. ಸಂತೆಯ ಲೆಕ್ಕವನ್ನು ಬರೆದಿಡಲು, ಗುತ್ತಿಗೆಯ ಪತ್ರಕ್ಕೆ ರುಜು ಹಾಕಲು ಆ ಒಕ್ಕಲಿಗನು ಓದು ಕಲಿತ ಮೇಲೆಯೂ ಮತ್ತೊಬ್ಬನ ಕೈ ಹಿಡಿಯಬೇಕಾಗಿತ್ತು. ಈ ಕೊರತೆಯನ್ನು ಜೋನ್ಸರ ಸ್ತುತಿಕಾರರು ಹೆಚ್ಚಾಗಿ ಹೇಳುವುದಿಲ್ಲ.

ಆದ ಕೆಲಸದ ಪರಿಮಾಣವು ಮಾತ್ರ ಬೆರಗುಗೊಳಿಸುವಂಥದು. 1738ರ ಸುಮಾರಿನ ಲೆಕ್ಕದಲ್ಲಿ 37 ಶಾಲೆಗಳೂ ಸುಮಾರು 2,400 ಮಂದಿ ಕಲಿಯುವವರೂ ಇದ್ದರು. 1761ರ ಏಪ್ರಿಲಿನಲ್ಲಿ ಜೋನ್ಸರು ಕಾಲವಾಗುವಷ್ಟರಲ್ಲಿ ಸುಮಾರು 1,600 ಸ್ಥಳಗಳಲ್ಲಿ 3,300ಕ್ಕೂ ಹೆಚ್ಚು ಶಾಲೆಗಳು ನಡೆದಿದ್ದುವು. ಪಟ್ಟಿಯಲ್ಲಿ ಬರೆದ ಹೆಸರುಗಳೇ ಒಂದೂವರೆ ಲಕ್ಷವನ್ನು ಮೀರಿದುವು. ರಾತ್ರಿಯ ಪಾಠಕ್ಕೆ ಬಂದವರು ಈ ಲೆಕ್ಕದಲ್ಲಿ ಪೂರ್ತಿಯಾಗಿ ಸೇರಿಲ್ಲ. ಆಗ ವೇಲ್ಸಿನ ಒಟ್ಟು ಜನಸಂಖ್ಯೆಯೇ ನಾಲ್ಕೈದು ಲಕ್ಷ.

ಜೋನ್ಸರ ಬಳಿಕ ಈ ಭಾರವನ್ನು ಹೊತ್ತವರು ಲಾರ್ನ್ ಎಂಬ ಊರಿನ ಬ್ರಿಜೆಟ್ ಬೆವನ್ ಎಂಬ ಸಿರಿವಂತ ಮನೆತನದ ಗೃಹಿಣಿ. ಜನರ ಬಾಯಲ್ಲಿ ಮೇಡಂ ಬೆವನ್. ಜೋನ್ಸರ ಜೀವಿತಕಾಲದಲ್ಲಿಯೇ ಶಾಲೆಗಳಿಗೆ ಧನಸಹಾಯವನ್ನು ಮಾಡುತ್ತ, ಮಡದಿಯನ್ನು ಕಳೆದುಕೊಂಡ ಆ ವೃದ್ಧರಿಗೆ ತಮ್ಮ ಮನೆಯಲ್ಲಿಯೇ ಆಶ್ರಯವನ್ನು ಕೊಟ್ಟಿದ್ದ ಈಕೆಯು ಮುಂದಿನ ಹದಿನೆಂಟು ವರ್ಷ ಏರ್ಪಾಡನ್ನು ಕುಗ್ಗಗೊಡದೆ ನಡೆಸಿದರು. ಆ ಕಾಲದ ಹೆಂಗಸೊಬ್ಬರು ಇಡೀ ದೇಶದ ಉಪಾಧ್ಯಾಯವರ್ಗವನ್ನು ನಡೆಸಿದುದು ಸಾಮಾನ್ಯವಲ್ಲ. ಎರಡೂ ಕಾಲ ಸೇರಿ ಶಾಲೆಗಳು ಆರು ಸಾವಿರವನ್ನೂ ಕಲಿತವರು ಮೂರು ಲಕ್ಷವನ್ನೂ ಮೀರಿದರು. 1779ರಲ್ಲಿ ಆಕೆ ತೀರಿಕೊಂಡಾಗ ಶಾಲೆಗಳಿಗಾಗಿ 10,000 ಪೌಂಡುಗಳನ್ನು ಮರಣಶಾಸನದಲ್ಲಿ ಬರೆದಿಟ್ಟಿದ್ದರು. ಬಂಧುಗಳು ತಕರಾರು ತೆಗೆದರು. ವ್ಯಾಜ್ಯವು ಚಾನ್ಸರಿ ನ್ಯಾಯಸ್ಥಾನಕ್ಕೆ ಹೋಯಿತು. ಅಲ್ಲಿ ಹಣವು ಬಡ್ಡಿಯಿಂದ ಬೆಳೆಯುತ್ತ ಸುಮಾರು 30,000 ಪೌಂಡುಗಳಾಯಿತು. ಶಾಲೆಗಳು ಮಾತ್ರ ಹಣವಿಲ್ಲದೆ ನಿಂತುಹೋದುವು. ತೀರ್ಪು ಬಂದುದು ಹತ್ತೊಂಬತ್ತನೆಯ ಶತಮಾನವು ಕಾಲಿಟ್ಟ ಮೇಲೆ. ಇಪ್ಪತ್ತು ವರ್ಷಗಳಿಗೂ ಮಿಕ್ಕ ಈ ಅವಧಿಯಲ್ಲಿ ನಷ್ಟವಾದುದು ಹಣವಲ್ಲ, ಗುರುಪರಂಪರೆ. ಕಲಿಸುವ ಕ್ರಮವು ಬರಹದಲ್ಲಿ ನಿಂತದ್ದಕ್ಕಿಂತ ಒಬ್ಬರನ್ನು ಕಂಡು ಇನ್ನೊಬ್ಬರು ಕಲಿತದ್ದರಲ್ಲಿ ನಿಂತಿದ್ದಿತು. ಆ ಕೊಂಡಿಯು ಕಳಚಿದ ಮೇಲೆ ನಿಧಿಯೊಂದೇ ಏನು ಮಾಡೀತು?

ಆದರೂ ಎಳೆಯು ಪೂರಾ ಹರಿಯಲಿಲ್ಲ. ಲಾನ್‌ದೌರೋರಿನ ಶಾಲೆಯಲ್ಲಿಯೇ ಬಾಲ್ಯದಲ್ಲಿ ಓದಿದ್ದ ಥಾಮಸ್ ಚಾರ್ಲ್ಸರು ಉತ್ತರ ವೇಲ್ಸಿನ ಬಾಲಾ ಎಂಬ ಊರಿನಲ್ಲಿ 1785ರಲ್ಲಿ ಸಂಚಾರಿ ಶಾಲೆಗಳನ್ನು ಮತ್ತೆ ಪ್ರಾರಂಭಿಸಿದರು. ಮೊದಲ ಉಪಾಧ್ಯಾಯರನ್ನು ತಾವೇ ತರಬಿಯತ್ತು ಮಾಡಿ, ಅವರಿಂದ ಉಳಿದವರನ್ನು ತಯಾರಿಸಿದರು. ಕ್ರಮೇಣ ಈ ಶಾಲೆಗಳ ಸ್ಥಾನದಲ್ಲಿ ಭಾನುವಾರದ ಶಾಲೆಗಳು ಬಂದುವು. ಅವುಗಳ ಉಪಾಧ್ಯಾಯರಿಗೆ ಸಂಬಳವಿಲ್ಲ. ಆದುದರಿಂದ ಅವರನ್ನು ವಾರಗಟ್ಟಲೆ ಕೂಡಿಸಿ ಕಲಿಸುವಂತೆಯೂ ಇಲ್ಲ. ಇದಕ್ಕಾಗಿ ಚಾರ್ಲ್ಸರು ಧರ್ಮಪ್ರಶ್ನೋತ್ತರದ ಒಂದು ಕೈಪಿಡಿಯನ್ನೂ ಶಾಸ್ತ್ರಗ್ರಂಥದ ಒಂದು ದೊಡ್ಡ ನಿಘಂಟನ್ನೂ ವೆಲ್ಷಿನಲ್ಲಿ ಬರೆದರು. ಗುರುವಿನ ಮನೆಯಲ್ಲಿ ಕಲಿಯಲಾಗದವನಿಗೆ ಪುಸ್ತಕವೇ ಗುರುವಾಯಿತು. ಮಕ್ಕಳೊಡನೆ ಕುಳಿತು ಓದಲು ಹಿರಿಯರು ಸಂಕೋಚಪಡುವುದನ್ನು ಕಂಡು ಅವರಿಗಾಗಿಯೇ ಪ್ರತ್ಯೇಕವಾದ ಶಾಲೆಯನ್ನು 1811ರಲ್ಲಿ ತೆರೆದರು. ಮೊದಲ ಭಾನುವಾರ ಬಂದವರು ಹದಿನೆಂಟು ಮಂದಿ. ಸುದ್ದಿಯು ಹರಡಿದ ಮೇಲೆ ಒಂದು ಸೀಮೆಯಲ್ಲಿ ಮುದುಕರು ಎಷ್ಟು ಮಂದಿ ನೆರೆದರೆಂದರೆ ಅಂಗಡಿಯವರಿಗೆ ಕನ್ನಡಕಗಳನ್ನು ಒದಗಿಸಲಾಗಲಿಲ್ಲವೆಂದು ಚಾರ್ಲ್ಸರು ಬರೆದಿರುವರು. ಬ್ರಿಸ್ಟಲ್ ಪಟ್ಟಣದ ಥಾಮಸ್ ಪೋಲ್ ಎಂಬ ವೈದ್ಯರು 1814ರಲ್ಲಿ ವಯಸ್ಕರ ಶಾಲೆಗಳ ಚರಿತ್ರೆಯನ್ನು ಪ್ರಕಟಿಸಿದಾಗ ಈ ವೃತ್ತಾಂತವೂ ಅದರಲ್ಲಿ ಸೇರಿತು.

ಇವರ ಶಾಲೆಯೊಂದರಲ್ಲಿ ಓದು ಕಲಿತ ಮೇರಿ ಜೋನ್ಸ್ ಎಂಬ ಬಡ ಹುಡುಗಿಯು ಬೈಬಲ್ ಕೊಳ್ಳುವುದಕ್ಕಾಗಿ 1800ರಲ್ಲಿ ಸುಮಾರು ಇಪ್ಪತ್ತೈದು ಮೈಲಿ ನಡೆದು ಬಾಲಾಕ್ಕೆ ಬಂದಳು. ಜನರು ಓದು ಕಲಿತರೂ ಕೊಳ್ಳಲು ಪುಸ್ತಕವಿಲ್ಲವೆಂಬ ಚಾರ್ಲ್ಸರ ಕೊರಗೇ 1804ರಲ್ಲಿ ಲಂಡನ್ನಿನಲ್ಲಿ ಬೈಬಲ್ ಸೊಸೈಟಿಯ ಸ್ಥಾಪನೆಗೆ ಪ್ರೇರಕವಾದುವುಗಳಲ್ಲಿ ಒಂದು. ಮುಂದೆ ಭಾರತದ ಭಾಷೆಗಳ ಬೈಬಲ್ ಪರಿವರ್ತನೆಗಳಿಗೂ ಆ ಸಂಸ್ಥೆಯ ನೆರವು ದೊರೆಯಿತು. ಬಳ್ಳಾರಿಯಲ್ಲಿ ಜಾನ್ ಹ್ಯಾಂಡ್ಸರು ಕನ್ನಡ ಬೈಬಲಿಗಾಗಿ ದುಡಿದುದೂ ಇದೇ ಕಾಲದಲ್ಲಿ.

ಇತ್ತ ಬೆವನ್ ನಿಧಿಯು ಬಿಡುಗಡೆಯಾದ ಮೇಲೆ ಅದರ ಶಾಲೆಗಳು ಮರಳಿ ಹುಟ್ಟಿದುವು. ಪೆಂಬ್ರೋಕ್ ಪ್ರಾಂತದ ನ್ಯೂಪೋರ್ಟಿನಲ್ಲಿ ಉಪಾಧ್ಯಾಯರನ್ನು ತಯಾರಿಸುವ ಶಾಲೆಯೊಂದೂ ನಡೆಯಿತು. ಹೆಸರು ಹಳೆಯದು, ಚೈತನ್ಯವು ಅಂದಿನದಲ್ಲ. ಅಷ್ಟರಲ್ಲಿ ಕಾಲವೂ ಬದಲಾಗಿತ್ತು. ಸರ್ಕಾರವು 1846ರಿಂದ ಉಪಾಧ್ಯಾಯರಿಗೆ ಪರೀಕ್ಷೆಯನ್ನೂ ಯೋಗ್ಯತಾಪತ್ರವನ್ನೂ ಗೊತ್ತುಮಾಡಿತು. ಮರುವರ್ಷ ವೇಲ್ಸಿನ ಶಾಲೆಗಳನ್ನು ನೋಡಿಹೋದ ಮೂವರು ಕಮಿಷನರುಗಳು ತಮ್ಮ ವರದಿಯನ್ನು ಪ್ರಕಟಿಸಿದರು. ಮೂವರೂ ಆಂಗ್ಲೇಯರು, ವೆಲ್ಷ್ ಭಾಷೆಯನ್ನು ಅರಿಯದವರು. ಹಳ್ಳಿಯ ಉಪಾಧ್ಯಾಯರು ಯಾವ ಶಿಕ್ಷಣವನ್ನೂ ಪಡೆಯದವರು, ಬೇರೆ ಕಸಬಿಗೆ ಆಗದೆ ಇಲ್ಲಿಗೆ ಬಂದವರು ಎಂದು ಅವರು ಬರೆದರು, ಅದರಲ್ಲಿ ಸತ್ಯಾಂಶವಿಲ್ಲದಿಲ್ಲ. ಜನರ ಹೀನಸ್ಥಿತಿಗೆ ವೆಲ್ಷ್ ಭಾಷೆಯೇ ಕಾರಣವೆಂದೂ ಬರೆದರು. ನೀಲಿ ಹೊದಿಕೆಯ ಆ ಸಂಪುಟಗಳಿಗೆ ದೇಶದವರು ‘ನೀಲಿ ಪುಸ್ತಕಗಳ ದ್ರೋಹ’ ಎಂಬ ಹೆಸರನ್ನು ಕೊಟ್ಟು ಇಂದಿಗೂ ಮರೆತಿಲ್ಲ.

ಆದರೆ ಅದೇ ಸಂಪುಟಗಳಲ್ಲಿ ಇನ್ನೊಂದು ಮಾತೂ ದಾಖಲಾಗಿರುವುದು. ಸಾಮಾನ್ಯ ಜನರಿಗೆ ತಮ್ಮ ಭಾಷೆಯನ್ನು ಓದಲು ಕಲಿಸಿದ್ದು ವಾರದ ಶಾಲೆಗಳಲ್ಲ, ಭಾನುವಾರದ ಶಾಲೆಗಳೆಂಬುದನ್ನು ಕಮಿಷನರುಗಳೇ ಒಪ್ಪಬೇಕಾಯಿತು. ಆ ಶಾಲೆಗಳಲ್ಲಿ ಮಕ್ಕಳ ಪಕ್ಕದಲ್ಲಿ ಮುದುಕರೂ ಕುಳಿತಿದ್ದರು. ಕಲಿಸುತ್ತಿದ್ದವರಲ್ಲಿ ಬಹುಮಂದಿ ವಾರವೆಲ್ಲ ಹೊಲದಲ್ಲಿಯೂ ಗಣಿಯಲ್ಲಿಯೂ ಮಗ್ಗದಲ್ಲಿಯೂ ದುಡಿದು ಬಂದವರು. ಸರ್ಕಾರದ ಯೋಗ್ಯತಾಪತ್ರಕ್ಕೆ ಅವರು ಅರ್ಜಿ ಹಾಕಿರಲಿಲ್ಲ.